ಕೂರಲು ಒಂದು ಸ್ಟೂಲ್ ಕೇಳುವುದು ಹೇಗೆ: ಕೆಲಸದ ಜಾಗದಲ್ಲಿ ಹೆಂಗಸರ ಪರವಾದ ನಿಯಮಕ್ಕಾಗಿ ಒಂದು ಮಾರ್ಗದರ್ಶಿ

ಹಾಸನದ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ನಾನು ಒಂಬತ್ತು ವರ್ಷ ಲೆಕ್ಕ ಬರೆದಿದ್ದೇನೆ. ನನಗೆ ಕುರ್ಚಿ ಇತ್ತು. ನಿಂತುಕೊಂಡು ಕಂಪ್ಯೂಟರಿನಲ್ಲಿ ಬಿಲ್ ಹಾಕಲು ಆಗುವುದಿಲ್ಲವಲ್ಲ, ಅದಕ್ಕೆ. ಸೀರೆ ವಿಭಾಗದ ಹನ್ನೊಂದು ಹೆಣ್ಣುಮಕ್ಕಳಿಗೆ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಎಂಟಕ್ಕೇ ಬಿಡುಗಡೆ. ನಡುವೆ ಊಟಕ್ಕೆ ಅರ್ಧ ಗಂಟೆ. ಗಿರಾಕಿಯೇ ಇಲ್ಲದ ಮಧ್ಯಾಹ್ನ ಮೂರರ ಹೊತ್ತಿನಲ್ಲೂ ಕೂರುವ ಹಾಗಿಲ್ಲ, ಸೀರೆ ಮಡಿಸುತ್ತಾ ನಿಂತಿರಬೇಕು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುವುದನ್ನು ನಾನೇ ನೋಡಿದ್ದೇನೆ. ಒಂದು ಸಂಜೆ ಒಬ್ಬಳು ಮೆಟ್ಟಿಲ ಮೇಲೆ ಕೂತು ಕಾಲ್ಗೆಜ್ಜೆ ಬಿಚ್ಚುತ್ತಿದ್ದಳು. ಕಾಲು ಊದಿ ಗೆಜ್ಜೆ ಒಳಗೆ ಹೂತುಕೊಂಡಿತ್ತು. ತೆಗೆದ ಮೇಲೂ ಸರಪಳಿಯ ಅಚ್ಚು ಚರ್ಮದ ಮೇಲೆ ಹಾಗೇ ಇತ್ತು.

ಆ ಅಂಗಡಿಗೆ ಸ್ಟೂಲ್ ಬಂತು. ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಹನ್ನೊಂದು ತಿಂಗಳು ನಾವು ಮಾಡಿದ್ದೆಲ್ಲ ತಪ್ಪು. ಆ ತಪ್ಪುಗಳನ್ನು ನೀವು ಮತ್ತೆ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಅಂಗಡಿ, ಗಾರ್ಮೆಂಟ್ಸ್, ಖಾಸಗಿ ಶಾಲೆ, ನರ್ಸಿಂಗ್ ಹೋಂ, ಕಾಫಿ ತೋಟ, ಎಲ್ಲೇ ಇರಿ, ದಾರಿ ಸುಮಾರಾಗಿ ಒಂದೇ: ಒಂದು ಸಲಕ್ಕೆ ಒಂದೇ ಬೇಡಿಕೆ, ಅದೂ ಕಾಗದದ ಮೇಲೆ, ಅದರ ಕೆಳಗೆ ತುಂಬಾ ಸಹಿ.

ಮೊದಲು ಕಿವಿ, ಆಮೇಲೆ ಬಾಯಿ

ನಾವು ಮಾಡಿದ ಮೊದಲ ತಪ್ಪು, ನಮಗೆ ಎಲ್ಲ ಗೊತ್ತು ಅಂದುಕೊಂಡಿದ್ದು. ನಾನೂ ಇನ್ನಿಬ್ಬರೂ ಸೇರಿ ಎಲ್ಲರ ಪರವಾಗಿ ನಾವೇ ಬೇಡಿಕೆ ಬರೆದೆವು. ಸಹಿ ಕೇಳಲು ಹೋದಾಗ ನೆಲ ಒರೆಸುವ ಅಮ್ಮ ಕೇಳಿದರು: "ಇದ್ರಲ್ಲಿ ನಂದು ಏನೈತೆ?" ಏನೂ ಇರಲಿಲ್ಲ.

ಹಾಗಾಗಿ ಎರಡು ವಾರ ಬರೀ ಕೇಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಸಭೆ ಮಾಡಬೇಡಿ. ಒಬ್ಬೊಬ್ಬರನ್ನೇ ಮಾತಾಡಿಸಿ, ಊಟದ ಡಬ್ಬಿ ತೆಗೆದಾಗ, ಬಸ್ಸಿಗೆ ಕಾಯುವಾಗ. "ಏನು ತೊಂದರೆ?" ಅಂತ ಕೇಳಿದರೆ "ಏನಿಲ್ಲ ಅಕ್ಕ" ಎಂಬ ಉತ್ತರವೇ ಬರುತ್ತದೆ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಬೇಕು. ನಿನ್ನೆ ಎಷ್ಟು ಸಲ ನೀರು ಕುಡಿದೆ? ಮನೆ ಮುಟ್ಟಿದಾಗ ಎಷ್ಟು ಗಂಟೆ? ಮಗೂನ ಯಾರ ಹತ್ತಿರ ಬಿಟ್ಟು ಬರ್ತೀಯ?

ನೀರಿನ ಪ್ರಶ್ನೆಯಿಂದಲೇ ನಮಗೆ ದೊಡ್ಡ ಸಂಗತಿ ಗೊತ್ತಾಗಿದ್ದು. ಹನ್ನೊಂದರಲ್ಲಿ ಎಂಟು ಜನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಹೆಂಗಸರ ಶೌಚಾಲಯದ ಬೀಗದ ಕೈ ಫ್ಲೋರ್ ಮ್ಯಾನೇಜರ್ ಹತ್ತಿರ ಇತ್ತು. ಆತ ಗಂಡಸು. ಪ್ರತಿ ಸಲ ಹೋಗಿ ಕೇಳಬೇಕು. ತಿಂಗಳ ಆ ದಿನಗಳಲ್ಲಿ ಮೂರು ಸಲ ಕೇಳಿದರೆ "ಮತ್ತೇನಮ್ಮ?" ಅನ್ನುತ್ತಿದ್ದ. ಇಷ್ಟು ವರ್ಷ ಅದೇ ಮಹಡಿಯಲ್ಲಿದ್ದ ನನಗೆ ಇದು ಗೊತ್ತೇ ಇರಲಿಲ್ಲ, ಲೆಕ್ಕದ ಕೋಣೆಯ ಪಕ್ಕದ ಶೌಚಾಲಯಕ್ಕೆ ಬೀಗ ಇರಲಿಲ್ಲವಲ್ಲ!

ಕೇಳಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಹೆಸರು ಬೇಡ, ತಾರೀಕು, ಸಮಯ, ಸಂಗತಿ ಸಾಕು. ನಾವು ಹದಿನಾಲ್ಕು ದಿನ ಬರೆದೆವು. ಯಾವ ಹೊತ್ತಿನಲ್ಲಿ ಎಷ್ಟು ಗಿರಾಕಿ, ಯಾರು ಎಷ್ಟು ಹೊತ್ತು ಕೂತರು. ಆಮೇಲೆ ಈ ಪುಸ್ತಕವೇ ನಮ್ಮನ್ನು ಕಾಪಾಡಿತು.

ಇಲ್ಲೊಂದು ಎಚ್ಚರಿಕೆ. ಕೇಳುತ್ತಾ ಹೋದಾಗ ಯಾರಾದರೂ ಲೈಂಗಿಕ ಕಿರುಕುಳದ ವಿಷಯ ಹೇಳಬಹುದು. ಅದನ್ನು ನೋಟ್‌ಬುಕ್‌ಗೆ ಬರೆಯಬೇಡಿ, ಸಹಿ ಸಂಗ್ರಹದ ಪತ್ರಕ್ಕೆ ಸೇರಿಸಲೇಬೇಡಿ. ಅದು ಆಕೆಯ ದೂರು, ಅದಕ್ಕೆ ಬೇರೆ ದಾರಿ ಇದೆ. ಹೆಸರು ಗುಟ್ಟಾಗಿಡಬೇಕು ಅಂತ ಕಾನೂನೇ ಹೇಳುತ್ತದೆ.

ಯಾವುದು ಹಕ್ಕು, ಯಾವುದು ಕೋರಿಕೆ

ನೋಟ್‌ಬುಕ್ ತುಂಬಿದ ಮೇಲೆ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ಕಾನೂನಿನಲ್ಲಿ ಈಗಾಗಲೇ ಇರುವುದಕ್ಕೆ "ಹ". ಮಾಲೀಕರ ಮನಸ್ಸಿಗೆ ಬಿಟ್ಟಿದ್ದಕ್ಕೆ "ಕೋ". ಎರಡನ್ನೂ ಕೇಳುವ ಧಾಟಿ ಬೇರೆ. ಹಕ್ಕನ್ನು "ದಯವಿಟ್ಟು ದೊಡ್ಡ ಮನಸ್ಸು ಮಾಡಿ" ಅಂತ ಕೇಳಿದರೆ ಅದು ಭಿಕ್ಷೆಯಾಗುತ್ತದೆ. ಕೋರಿಕೆಯನ್ನು "ಕಾನೂನಿದೆ" ಅಂತ ಕೇಳಿದರೆ, ಮಾಲೀಕರು ತಮ್ಮ ಆಡಿಟರಿಗೆ ಒಂದು ಫೋನ್ ಮಾಡಿ ನಿಮ್ಮ ಮಾತನ್ನು ಬೀಳಿಸುತ್ತಾರೆ.

"ಹ" ಪಟ್ಟಿಯಲ್ಲಿ ಏನೇನು ಬರುತ್ತದೆ ಅಂತ ಗೊತ್ತಿರಲಿ.

ಹೆರಿಗೆ ರಜೆ. 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ತಲಾ 26 ವಾರ, ಮೂರನೆಯದಕ್ಕೆ 12 ವಾರ ಸಂಬಳದ ರಜೆ ಆಯಿತು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಗರ್ಭಪಾತವಾದರೆ 6 ವಾರ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೆರಿಗೆಯ ನಿಯಮಗಳು ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗಿವೆ. ಕಾಯ್ದೆಯ ಹೆಸರು ಬದಲಾದರೂ 26 ವಾರ ಹಾಗೇ ಇದೆ. "ಹಳೇ ಕಾಯ್ದೆ ಹೋಯ್ತಲ್ಲಮ್ಮ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ತಿಂಗಳ ರಜೆ. ಕರ್ನಾಟಕ ಸರ್ಕಾರ 2025ರ ನವೆಂಬರಿನಲ್ಲಿ ಆದೇಶ ಹೊರಡಿಸಿತು. 18ರಿಂದ 52 ವರ್ಷದ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಸಂಬಳದ ಮುಟ್ಟಿನ ರಜೆ, ವರ್ಷಕ್ಕೆ 12. ಕಾರ್ಖಾನೆ, ಅಂಗಡಿ, ತೋಟ, ಬೀಡಿ, ಮೋಟಾರು ಸಾರಿಗೆ, ಈ ಕಾಯ್ದೆಗಳಡಿ ನೋಂದಣಿಯಾದ ಕಡೆಗೆಲ್ಲ ಇದು. ಗುತ್ತಿಗೆಯವರಿಗೂ ಉಂಟು. ಡಾಕ್ಟರ್ ಚೀಟಿ ಬೇಡ. ಈ ತಿಂಗಳದ್ದನ್ನು ಮುಂದಿನ ತಿಂಗಳಿಗೆ ಸೇರಿಸಿಕೊಳ್ಳುವ ಹಾಗಿಲ್ಲ. ಹೋಟೆಲ್ ಮಾಲೀಕರ ಸಂಘ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. ಹಾಗಾಗಿ ಮಾಲೀಕರು "ಕೋರ್ಟಲ್ಲಿದೆ" ಅನ್ನಬಹುದು. ಕೇಳುವ ಮೊದಲು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಆದೇಶದ ಪ್ರತಿ ತೆಗೆದುಕೊಳ್ಳಿ, ಸದ್ಯದ ಸ್ಥಿತಿಯನ್ನೂ ಅಲ್ಲೇ ಕೇಳಿ. ಕೈಯಲ್ಲಿ ಕಾಗದ ಇದ್ದರೆ ಮಾತಿಗೆ ತೂಕ ಬರುತ್ತದೆ.

ದೂರು ಸಮಿತಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಹೆಂಗಸು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿಯನ್ನೇ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನ ಇರುವಲ್ಲಿ, ಅಥವಾ ಮಾಲೀಕರ ಮೇಲೆಯೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಅದೇ ಸಮಿತಿ.

ನಮ್ಮ ಅಂಗಡಿಯಲ್ಲೂ ಸಮಿತಿ ಇತ್ತು, ಗೊತ್ತಾ? ಕ್ಯಾಶ್ ಕೌಂಟರ್ ಹಿಂದೆ ಲ್ಯಾಮಿನೇಟ್ ಮಾಡಿದ ಹಾಳೆ. ಅದರ ಮೇಲೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ದೀಪಾವಳಿಗೆ ಸುಣ್ಣ ಬಳಿಯಲು ಕ್ಯಾಲೆಂಡರ್ ತೆಗೆದಾಗ ಓದಿದೆ. ಅಧ್ಯಕ್ಷೆ ಅಂತ ಇದ್ದದ್ದು ನನ್ನ ಹೆಸರು! ಎರಡು ವರ್ಷದಿಂದ ನಾನು ಅಧ್ಯಕ್ಷೆ, ನನಗೇ ಸುದ್ದಿಯಿಲ್ಲ. ನಿಮ್ಮಲ್ಲೂ ಇಂಥ ಕಾಗದದ ಸಮಿತಿ ಇರಬಹುದು. ಗೋಡೆಯ ಮೇಲಿನ ಹಾಳೆಗಳನ್ನು ಒಮ್ಮೆ ಓದಿ ನೋಡಿ.

ರಾತ್ರಿ ಪಾಳಿ. ಸಂಜೆ ಏಳರ ಮೇಲೆ, ಬೆಳಿಗ್ಗೆ ಆರರ ಒಳಗೆ ಹೆಂಗಸರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡು ಬೇಕು ಅಂತ ಹೊಸ ಸಂಹಿತೆಯಲ್ಲಿದೆ. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಕೂಲಿ ಕೊಡುವುದು 1976ರಿಂದಲೂ ತಪ್ಪೇ. ಈಗ ಅದು ವೇತನ ಸಂಹಿತೆಯಲ್ಲಿದೆ.

ಇನ್ನು ನಮ್ಮ ಸ್ಟೂಲ್. ನಿಂತೇ ಕೆಲಸ ಮಾಡುವವರಿಗೆ ಕೂರುವ ಏರ್ಪಾಡು ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಆದರೆ ನಮ್ಮದು ಕಾರ್ಖಾನೆ ಅಲ್ಲ, ಅಂಗಡಿ, ಆಗ ಆ ಕಾಯ್ದೆ ನಮಗೆ ತಾಗುತ್ತಿರಲಿಲ್ಲ. ಅಂಗಡಿಯವರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿ ಕೊಟ್ಟವು. ಅದನ್ನು ನಾವು ಹಕ್ಕು ಅಂತ ತೋರಿಸದೆ, ಪಕ್ಕದ ರಾಜ್ಯದ ಉದಾಹರಣೆ ಅಂತ ತೋರಿಸಿದೆವು. ಕೋರಿಕೆಯ ಬೆನ್ನಿಗೆ ಒಂದು ಉದಾಹರಣೆ ಇದ್ದರೆ ಒಳ್ಳೆಯದು.

ಒಂದೇ ಆರಿಸಿ

ನಮ್ಮ ಮೊದಲ ಪತ್ರ ನಾಲ್ಕು ಪುಟ, ಹನ್ನೊಂದು ಬೇಡಿಕೆ. ಸಂಬಳ ಏರಿಕೆಯಿಂದ ಹಿಡಿದು ಸಂಜೆ ಟೀ ಜೊತೆ ಬಿಸ್ಕತ್ತಿನವರೆಗೆ. ಯಜಮಾನರು ಕೊನೆಯ ಪುಟದ ಬಿಸ್ಕತ್ತಿನ ಸಾಲು ಓದಿ ನಕ್ಕರು. ಟೀ ಜೊತೆ ಬಿಸ್ಕತ್ತು ಬರಲು ಶುರುವಾಯಿತು. ಉಳಿದ ಹತ್ತೂ ಬೇಡಿಕೆ ಡ್ರಾಯರಿನೊಳಗೆ ಮಲಗಿದವು. ಹನ್ನೊಂದು ಕೇಳಿದರೆ ಅವರು ಅತಿ ಅಗ್ಗದ್ದನ್ನು ಆರಿಸಿ ಕೊಟ್ಟು "ಕೇಳಿದ್ದು ಕೊಟ್ಟೆನಲ್ಲ" ಅನ್ನುತ್ತಾರೆ.

ಆರಿಸುವಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದು ಜಾಸ್ತಿ ಜನರಿಗೆ ತಾಗುತ್ತದಾ? ಒಂದು ತಿಂಗಳೊಳಗೆ ಮಾಡಿ ಮುಗಿಸಬಹುದಾ? ಆಯಿತೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತದಾ? "ಹೆಂಗಸರಿಗೆ ಗೌರವ ಕೊಡಬೇಕು" ಅನ್ನುವುದು ಬೇಡಿಕೆಯಲ್ಲ, ಅದು ಆಸೆ. ಶೌಚಾಲಯದ ಬೀಗದ ಕೈ ಇನ್ನು ಮೇಲೆ ಹೆಂಗಸರ ವಿಭಾಗದಲ್ಲೇ ಮೊಳೆಗೆ ನೇತಾಡಬೇಕು, ಇದು ಬೇಡಿಕೆ.

ನಾವು ಎರಡನೇ ಸಲ ಮೊದಲು ಕೇಳಿದ್ದು ಅದನ್ನೇ, ಬೀಗದ ಕೈ. ಖರ್ಚು ಸೊನ್ನೆ. ಎರಡು ದಿನದಲ್ಲಿ ಆಯಿತು. ಅದಾದ ಮೇಲೆ ಸ್ಟೂಲಿನ ಪತ್ರಕ್ಕೆ ಸಹಿ ಕೇಳಿದಾಗ ಯಾರೂ ಹಿಂದೆ ಸರಿಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಹಿ ಕೇಳಿದ ಹದಿನೇಳು ಜನರಲ್ಲಿ ಮೂವರು ಸರಿದರು. ಅವರನ್ನು ಒತ್ತಾಯಿಸಬೇಡಿ. ಒಬ್ಬಳ ಗಂಡನೂ ಅದೇ ಯಜಮಾನರ ಗೋಡೌನಿನಲ್ಲಿ ಕೆಲಸಕ್ಕಿದ್ದ. ಅವಳ ಲೆಕ್ಕ ಅವಳಿಗೆ.

ಪತ್ರ

ಒಂದು ಪುಟ. ಕೈಬರಹವಾದರೂ ಸರಿ, ಕನ್ನಡದಲ್ಲೇ ಬರೆಯಿರಿ. ನಮ್ಮದು ಹೀಗಿತ್ತು, ಬೇಕಾದರೆ ಹೆಸರು ಬದಲಿಸಿ ಬಳಸಿಕೊಳ್ಳಿ:

"ಮಾನ್ಯರೇ,
ವಿಷಯ: ಸೀರೆ ವಿಭಾಗದಲ್ಲಿ ಕೂರುವ ವ್ಯವಸ್ಥೆ.
ನಾವು ಹದಿನಾಲ್ಕು ದಿನ ಲೆಕ್ಕ ಇಟ್ಟಿದ್ದೇವೆ. ಮಧ್ಯಾಹ್ನ 2ರಿಂದ 4ರವರೆಗೆ ವಿಭಾಗಕ್ಕೆ ಬರುವ ಗಿರಾಕಿಗಳು ಸರಾಸರಿ ಐದು ಗುಂಪು. ಆ ಹೊತ್ತಿನಲ್ಲೂ ಹನ್ನೊಂದು ಜನ ನಿಂತೇ ಇರುತ್ತೇವೆ. ಕಾಲು ನೋವಿನ ಕಾರಣಕ್ಕೆ ಕಳೆದ ಎರಡು ತಿಂಗಳಲ್ಲಿ ನಮ್ಮಲ್ಲಿ ನಾಲ್ವರು ಒಟ್ಟು ಒಂಬತ್ತು ದಿನ ರಜೆ ಹಾಕಿದ್ದೇವೆ. ಕೌಂಟರಿನ ಹಿಂದೆ ಆರು ಸ್ಟೂಲ್ ಹಾಕಿಸಿ, ಗಿರಾಕಿ ಇಲ್ಲದಾಗ ಸರದಿಯಲ್ಲಿ ಕೂರಲು ಅನುಮತಿ ಕೊಡಬೇಕೆಂದು ಕೇಳುತ್ತೇವೆ. ಗಿರಾಕಿ ಬಂದ ತಕ್ಷಣ ಎದ್ದು ನಿಲ್ಲುತ್ತೇವೆ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಒಂದಕ್ಕೆ 350 ರೂಪಾಯಿ, ಆರಕ್ಕೆ 2,100. ಈ ತಿಂಗಳ 25ರೊಳಗೆ ತಮ್ಮ ಉತ್ತರ ತಿಳಿಸಬೇಕು."

ಕೆಳಗೆ ಹದಿನಾಲ್ಕು ಸಹಿ. ಸಾಲಾಗಿ ಹಾಕಿದರೆ ಮೊದಲ ಹೆಸರಿನವಳೇ ಮುಂದಾಳು ಅಂತ ಅವಳ ಮೇಲೆ ಬೀಳುತ್ತಾರೆ. ನಾವು ವೃತ್ತಾಕಾರದಲ್ಲಿ ಹಾಕಿದೆವು, ರಂಗೋಲಿ ಥರ. ಮೊದಲು ಯಾರು, ಕೊನೆಗೆ ಯಾರು, ಗೊತ್ತೇ ಆಗಲಿಲ್ಲ.

ಪತ್ರದಲ್ಲಿ ಅಳು ಬೇಡ, ಬೆದರಿಕೆಯೂ ಬೇಡ. ಲೆಕ್ಕ ಇರಲಿ. ಮಾಲೀಕರು ಇಡೀ ದಿನ ಲೆಕ್ಕವನ್ನೇ ಓದುವವರು, ಅವರ ಭಾಷೆಯಲ್ಲೇ ಹೇಳಿ. ಎರಡು ಪ್ರತಿ ಮಾಡಿ. ಒಂದರ ಮೇಲೆ "ತಲುಪಿದೆ" ಅಂತ ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಸಾಲದು.

ಹೊತ್ತು ನೋಡಿ ಕೇಳಿ

ಹಾಸನದಲ್ಲಿ ಇದ್ದವರಿಗೆ ಹೇಳಬೇಕಿಲ್ಲ, ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆದರೆ ಊರು ಊರಾಗಿ ಇರುವುದಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವು ದಿನ. ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಮೊದಲ ಪತ್ರ ಆ ವಾರವೇ ಕೊಟ್ಟೆವು. ಈಗ ನೆನೆಸಿದರೆ ನಗು ಬರುತ್ತದೆ. ಯಜಮಾನರು ಅದನ್ನು ಬೆದರಿಕೆ ಅಂತಲೇ ತಿಳಿದರು.

ಹಬ್ಬದ ಎರಡು ತಿಂಗಳ ಮೊದಲು ಕೊಡಿ. ಆಗ ಅವರಿಗೆ ಯೋಚಿಸಲು ಪುರುಸೊತ್ತು ಇರುತ್ತದೆ, ಹಬ್ಬಕ್ಕೆ ನುರಿತ ಕೈಗಳು ಬೇಕು ಅನ್ನುವುದೂ ತಲೆಯಲ್ಲಿರುತ್ತದೆ. ಶಾಲೆಗಳಲ್ಲಾದರೆ ಏಪ್ರಿಲ್‌ನಲ್ಲಿ, ಮುಂದಿನ ವರ್ಷದ ವೇಳಾಪಟ್ಟಿ ಬರೆಯುವ ಮೊದಲು. ಗಾರ್ಮೆಂಟ್ಸ್‌ನಲ್ಲಾದರೆ ಹೊರಗಿನ ಕಂಪನಿಯ ಆಡಿಟ್ ಬರುವ ಮುಂಚೆ.

ಇನ್ನೊಂದು, ನಾನೇ ಮಾಡಿದ ಎಡವಟ್ಟು. ಸೂರತ್ತಿನಿಂದ ಬಂದಿದ್ದ ಸೀರೆ ವ್ಯಾಪಾರಿಯ ಮುಂದೆಯೇ "ಸಾರ್, ನಮ್ಮ ಪತ್ರ ಏನಾಯ್ತು?" ಅಂದುಬಿಟ್ಟೆ. ಯಜಮಾನರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಆದರೆ ನಾಲ್ಕು ಜನರ ಮುಂದೆ ಯಾರನ್ನಾದರೂ ಮೂಲೆಗೆ ಒತ್ತಿದರೆ ಅವರು "ಇಲ್ಲ" ಅಂತಲೇ ಹೇಳುತ್ತಾರೆ. ಆ ಒಂದು ಮಾತಿಗೆ ನಮಗೆ ಮೂರು ತಿಂಗಳು ಹೋಯಿತು.

ಎದುರು ಕೂತಾಗ

ಒಬ್ಬರೇ ಹೋಗಬೇಡಿ, ಹತ್ತು ಜನವೂ ಹೋಗಬೇಡಿ. ಮೂವರು ಸಾಕು: ಮಾತು ಬರುವವಳು ಒಬ್ಬಳು, ಹಳಬಳು ಒಬ್ಬಳು, ಬರೆದುಕೊಳ್ಳುವವಳು ಒಬ್ಬಳು. ನಮಗಿಂತ ಮೊದಲು ಒಬ್ಬಳು ತಾನೊಬ್ಬಳೇ ಹೋಗಿ ಕೇಳಿದ್ದಳು. ಮಾರನೆ ದಿನವೇ ಅವಳನ್ನು ಗೋಡೌನಿಗೆ ಹಾಕಿದರು.

20 ಅಥವಾ ಹೆಚ್ಚು ಕೆಲಸಗಾರರು ಇರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಹೆಂಗಸರೂ ಇರಬೇಕು ಅಂತ ಕಾನೂನಿದೆ. ನಿಮ್ಮಲ್ಲಿ ಅದಿದ್ದರೆ ಅದರ ಮೂಲಕ ಹೋಗುವುದು ಸಲೀಸು.

ಬರುವ ಮಾತುಗಳು ಮೊದಲೇ ಗೊತ್ತಿರುತ್ತವೆ. "ಗಿರಾಕಿ ಬಂದಾಗ ಹುಡುಗಿ ಕೂತಿದ್ರೆ ಏನಂದ್ಕೋತಾರೆ?" ಅಂದರು ಯಜಮಾನರು. ನಮ್ಮ ಹಳಬಳು, ಇಪ್ಪತ್ತು ವರ್ಷದ ಅನುಭವ, ಮೆಲ್ಲಗೆ ಹೇಳಿದಳು: "ಬ್ಯಾಂಕಿಗೆ ಹೋದಾಗ ಅವ್ರು ಕೂತೇ ಇರ್ತಾರಲ್ಲ ಸಾರ್, ನಾವೇನಾದ್ರೂ ಅಂದ್ಕೋತೀವಾ?" ಅವರು ನಕ್ಕರು.

ಹೆರಿಗೆ ರಜೆ ಕೇಳಿದಾಗ "ಆರು ತಿಂಗಳು ಸುಮ್ನೆ ಸಂಬಳ ಕೊಡೋಕೆ ಆಗಲ್ಲ" ಅನ್ನುತ್ತಾರೆ. ಇದಕ್ಕೆ ಒಳ್ಳೆಯ ಉತ್ತರ ಇದೆ, ತುಂಬಾ ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಅಡಿ ಬರುತ್ತಾರೆ. ಅಂಥವರ ಹೆರಿಗೆ ರಜೆಯ ಹಣವನ್ನು ಕೊಡುವುದು ಇಎಸ್‌ಐ, ಮಾಲೀಕರಲ್ಲ. ಮಾಲೀಕರು ಕಟ್ಟಬೇಕಾದದ್ದು ಸಂಬಳದ ಶೇ 3.25, ನಮ್ಮಿಂದ ಶೇ 0.75. ಹಾಗಾಗಿ ಮೊದಲು ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯಾ ನೋಡಿ. ಕಡಿದು ಕಟ್ಟದೇ ಇರುವವರೂ ಇದ್ದಾರೆ. ಇಎಸ್‌ಐ ನಂಬರ್ ಇಸಿದುಕೊಂಡು ಪರೀಕ್ಷಿಸಿ.

"ನೋಡೋಣ" ಅಂದರೆ ಸುಮ್ಮನೆ ಎದ್ದು ಬರಬೇಡಿ. "ಯಾವತ್ತು ಬರಲಿ ಸಾರ್?" ಅಂತ ಕೇಳಿ, ತಾರೀಕು ಬರೆದುಕೊಳ್ಳಿ. ಆ ಸಂಜೆಯೇ, ಇವತ್ತು ಇಂಥ ಮಾತಾಯಿತು, ಇಂಥ ದಿನ ಮತ್ತೆ ಬರುತ್ತೇವೆ ಅಂತ ಎರಡು ಸಾಲಿನ ಚೀಟಿ ಕೊಡಿ.

ತೋಟದ ಕಡೆಯವರಿಗೆ

ಈಗ ನಾನಿರುವುದು ಚಿಕ್ಕಮಗಳೂರಿನಲ್ಲಿ. ಇಲ್ಲಿ ಕೆಲಸದ ಜಾಗ ಅಂದರೆ ಅರ್ಧಕ್ಕರ್ಧ ಕಾಫಿ ತೋಟ. ಮೇಲೆ ಹೇಳಿದ ಪತ್ರ, ಸಭೆ, ತೋಟದಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಮನೆಯೂ ಮಾಲೀಕರದ್ದೇ, ಲೈನ್ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಮಾಲೀಕರು ಕಣ್ಣಿಗೆ ಬೀಳುವುದು ಅಪರೂಪ, ದಿನಾ ಕಾಣುವುದು ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ.

ಅಲ್ಲಿನ ಮೊದಲ ಬೇಡಿಕೆ ಎಲ್ಲ ಕಡೆ ಒಂದೇ ಅನ್ನಿಸುತ್ತದೆ, ಶೌಚಾಲಯ. ಲೈನ್ ಮನೆಯ ಹತ್ತಿರ ಇರಬಹುದು, ಆದರೆ ಹಣ್ಣು ಕುಯ್ಯುವ ಜಾಗದಿಂದ ಅದು ಒಂದು ಗುಡ್ಡ ಆಚೆ. ಆಲ್ದೂರಿನ ಕಡೆಯ ಒಬ್ಬ ಗೆಳತಿ ಹೇಳಿದಳು, ಮುಟ್ಟಿನ ದಿನ ಅವರು ಬಟ್ಟೆ ಬದಲಿಸುವುದು ಕಾಫಿ ಗಿಡದ ಮರೆಯಲ್ಲಿ, ಇನ್ನೊಬ್ಬಳನ್ನು ಕಾವಲಿಗೆ ನಿಲ್ಲಿಸಿಕೊಂಡು. ಜಿಗಣೆ ಬೇರೆ.

ಕೇಳುವ ಹೊತ್ತು ಅಕ್ಟೋಬರ್. ಕುಯ್ಲು ನವೆಂಬರ್, ಡಿಸೆಂಬರ್‌ಗೆ ಶುರುವಾಗುತ್ತದೆ, ಆಗ ಆಳು ಸಿಗದೆ ಮಾಲೀಕರು ಪೇಚಾಡುತ್ತಿರುತ್ತಾರೆ. ಶುರುವಾಗುವ ಮುಂಚೆಯೇ "ಕುಯ್ಯುವ ಪಟ್ಟೆಯ ಹತ್ತಿರ ತಗಡಿನ ಮರೆ, ಒಂದು ಡ್ರಮ್ ನೀರು" ಅಂತ ಕೇಳಿದರೆ ಆಗುತ್ತದೆ ಅನ್ನುವ ಸಾಧ್ಯತೆ ಜಾಸ್ತಿ. ರೈಟರನ್ನು ಬಿಟ್ಟು ನೇರ ಮಾಲೀಕರ ಹತ್ತಿರ ಹೋಗಬೇಡಿ, ಆತನಿಗೆ ಅವಮಾನವಾದರೆ ಇಡೀ ಸೀಸನ್ ಅನುಭವಿಸಬೇಕು. ಮೊದಲು ರೈಟರ ಹೆಂಡತಿಯನ್ನು ಮಾತಾಡಿಸಿ. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇರುವುದಿಲ್ಲ.

ಪುಟ್ಟ ಮಕ್ಕಳಿಗೆ ಪಂಚಾಯಿತಿಯ "ಕೂಸಿನ ಮನೆ" ಹತ್ತಿರದಲ್ಲಿದೆಯಾ ವಿಚಾರಿಸಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಅದನ್ನು ಶುರು ಮಾಡಿದ್ದು. ಅಸ್ಸಾಂ ಕಡೆಯಿಂದ ಬಂದ ಹೆಂಗಸರೂ ಈಗ ತೋಟಗಳಲ್ಲಿದ್ದಾರೆ. ಭಾಷೆ ಬರುವುದಿಲ್ಲ ಅಂತ ಅವರನ್ನು ಬಿಟ್ಟು ಕೇಳಿದರೆ, ಮುಂದೆ ಅವರನ್ನೇ ತೋರಿಸಿ "ಅವ್ರು ಏನೂ ಕೇಳಲ್ಲ, ನಿಮ್ದೇ ಗೋಳು" ಅನ್ನುತ್ತಾರೆ.

ಉತ್ತರ ಬರದಿದ್ದರೆ

ಹೇಳಿದ ತಾರೀಕು ದಾಟಿ ಒಂದು ವಾರಕ್ಕೆ ಜ್ಞಾಪನ ಪತ್ರ ಕೊಡಿ. ಅದಕ್ಕೂ ಮಾತಿಲ್ಲ ಅಂದರೆ ಹೊರಗಿನ ಬಾಗಿಲು ತಟ್ಟಬೇಕು. ಇದು "ಹ" ಗುರುತಿನ ವಿಷಯಗಳಿಗೆ ಮಾತ್ರ, ನೆನಪಿರಲಿ. ಬಿಸ್ಕತ್ತಿಗೆ ಲೇಬರ್ ಇನ್‌ಸ್ಪೆಕ್ಟರ್ ಬರುವುದಿಲ್ಲ.

ಸಂಬಳ, ರಜೆ, ಹೆರಿಗೆ, ಪಾಳಿ, ಇವಕ್ಕೆಲ್ಲ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರು, ಅವರ ಮೇಲೆ ಜಿಲ್ಲಾ ಕಾರ್ಮಿಕ ಅಧಿಕಾರಿ. ಇಲಾಖೆಯ ಸಹಾಯವಾಣಿ 155214. ಕಾರ್ಖಾನೆಯ ಒಳಗಿನ ಶೌಚಾಲಯ, ಸುರಕ್ಷತೆಗೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ. ಕಿರುಕುಳದ ದೂರಿಗೆ ಆಂತರಿಕ ಸಮಿತಿ, ಇಲ್ಲದಿದ್ದರೆ ಸ್ಥಳೀಯ ಸಮಿತಿ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಅಲ್ಲಿ ಉಚಿತವಾಗಿ ಕಾನೂನು ನೆರವು ಕೊಡಬೇಕು, ಆದಾಯ ಎಷ್ಟೇ ಇರಲಿ. ಫೋನ್ 15100.

ಹೋಗುವಾಗ ಏನೇನು ಹಿಡಿದುಕೊಂಡು ಹೋಗಬೇಕು? ಪತ್ರದ ಪ್ರತಿ, ತಲುಪಿದ ಸಹಿ, ಸಂಬಳ ಬ್ಯಾಂಕಿಗೆ ಬಂದ ದಾಖಲೆ, ಹಾಜರಿ ಪುಸ್ತಕದ ನಿಮ್ಮ ಪುಟದ ಫೋಟೋ. ಈ ಫೋಟೋ ಮೊದಲೇ ತೆಗೆದಿಟ್ಟಿರಿ. ಜಗಳ ಶುರುವಾದ ಮೇಲೆ ಪುಸ್ತಕ ಬೀರುವಿನೊಳಗೆ ಹೋಗುತ್ತದೆ. "ಇವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಅಂತ ಹೇಳಿಸಿಕೊಂಡವರನ್ನು ನಾನು ಬಲ್ಲೆ.

ಸಿಕ್ಕ ಮೇಲೆ

ನಮಗೆ ಸ್ಟೂಲ್ ಸಿಕ್ಕಿತು, ಆರಲ್ಲ, ನಾಲ್ಕು. ಒಂದು ಬೆಳಿಗ್ಗೆ ಹೋದಾಗ ಕೌಂಟರಿನ ಹಿಂದೆ ಇದ್ದವು, ನೀಲಿ ಬಣ್ಣ, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಯಾರೂ ಏನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನದವರೆಗೆ ಯಾರೂ ಕೂರಲೂ ಇಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೊದಲು ಕೂತದ್ದು ನೆಲ ಒರೆಸುವ ಅಮ್ಮ.

ಬಾಯಿ ಮಾತಿನಲ್ಲಿ ಸಿಕ್ಕಿದ್ದನ್ನು ಕಾಗದಕ್ಕೆ ಇಳಿಸಿ. "ಗಿರಾಕಿ ಇಲ್ಲದಾಗ ಸಿಬ್ಬಂದಿ ಕೂರಬಹುದು" ಅನ್ನುವ ಒಂದು ಸಾಲು, ಮಾಲೀಕರ ಸಹಿ, ಗೋಡೆ ಮೇಲೆ. ನಾವು ಇದನ್ನು ಮಾಡಿಸಲಿಲ್ಲ. ಆರು ತಿಂಗಳಿಗೆ ಹೊಸ ಮ್ಯಾನೇಜರ್ ಬಂದ, ಸ್ಟೂಲುಗಳನ್ನು ಟ್ರಯಲ್ ರೂಮಿಗೆ ಹಾಕಿಸಿದ, ಮತ್ತೆ ಹೋಗಿ ಕೇಳಬೇಕಾಯಿತು. ಅವತ್ತು ಬರೆಸಿಕೊಂಡೆವು. ಕ್ಯಾಲೆಂಡರ್ ಅದರ ಮೇಲೆ ಬೀಳದ ಹಾಗೆ ಬೇರೆ ಮೊಳೆ ಹೊಡೆಸಿದ್ದೂ ನಾವೇ.

ಮೂರು ತಿಂಗಳಿಗೊಮ್ಮೆ ಆ ನೋಟ್‌ಬುಕ್ ಮತ್ತೆ ತೆಗೆಯಿರಿ. ಸಿಕ್ಕಿದ್ದು ಈಗಲೂ ನಡೆಯುತ್ತಿದೆಯಾ, ಯಾರಿಗೆ ಸಿಗುತ್ತಿಲ್ಲ, ಮುಂದಿನದು ಯಾವುದು. ಹಾಸನದ ಆ ಅಂಗಡಿಯಲ್ಲಿರುವ ಗೆಳತಿಯರು ಈಗ ಬಸ್ಸಿನ ವಿಷಯ ಬರೆಯುತ್ತಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ಟಿಗೆ ದುಡ್ಡಿಲ್ಲ, ದುದ್ದ, ಕಟ್ಟಾಯ, ಸಾಲಗಾಮೆ ಕಡೆಯಿಂದೆಲ್ಲ ಕೆಲಸಕ್ಕೆ ಬರುವವರು ಇದ್ದಾರೆ. ಆದರೆ ಹಬ್ಬದ ವಾರ ಅಂಗಡಿ ಹತ್ತರವರೆಗೆ ತೆರೆದರೆ, ಮೂವರಿಗೆ ಎಂಟೂವರೆಯ ಬಸ್ಸೇ ಕೊನೆಯದು. ಆಮೇಲೆ ಆಟೋಗೆ ಯಾರು ದುಡ್ಡು ಕೊಡಬೇಕು? ಹೋದ ವರ್ಷ ಎಷ್ಟು ದಿನ, ಎಷ್ಟು ಗಂಟೆಗೆ, ಆಟೋಗೆ ಎಷ್ಟಾಯಿತು, ಎಲ್ಲ ಪುಸ್ತಕದಲ್ಲಿದೆ. ಪತ್ರ ಆಗಸ್ಟ್‌ನಲ್ಲೇ ಕೊಡುತ್ತಾರಂತೆ, ಹಾಸನಾಂಬೆಯ ಬಾಗಿಲು ತೆಗೆಯುವುದಕ್ಕೆ ಮುಂಚೆ.